ಹಾಸ್ಯದ ಪಾತ್ರಕ್ಕೂ ಕಂಠ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಹಾಸನ ಜಿಲ್ಲೆಯ ರಂಗ ಕಲಾವಿದೆಯರನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾಗುತ್ತಿರುವ ಲೇಖನಮಾಲೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಆದರೆ ಕಳೆದ ಕಂತಿನಲ್ಲಿ ಲೇಖಕರು, ಕಂಠ ಚೆನ್ನಾಗಿದ್ದವರು ನಾಯಕಿಯರಾದರು, ಶ್ರುತಿಯಲ್ಲಿ ನಿಲ್ಲಲಾರದವರು ಹಾಸ್ಯದ ಪಾತ್ರಕ್ಕೆ ಇಳಿದರು ಎಂಬರ್ಥದ ಮಾತೊಂದನ್ನು, ಅದಕ್ಕೆ ಆಧಾರವೇ ಬೇಕಿಲ್ಲವೆಂಬಂತೆ ಬರೆದು ಮುಂದೆ ಸಾಗಿದ್ದಾರೆ. ಈ ಅಭಿಪ್ರಾಯ ಅವರೊಬ್ಬರದೇ ಅಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ದುರ್ಯೋಧನ, ಕೃಷ್ಣರ ಪಾತ್ರಕ್ಕೆ ಹೆಚ್ಚಿನ ಹಣ ಕೊಟ್ಟು ಪೈಪೋಟಿ ನಡೆಸುವವರು ಹಾಸ್ಯದ ಪಾತ್ರವನ್ನು ಕೊನೆಗೆ ಉಳಿದವರಿಗೆ ಹಚ್ಚುತ್ತಾರೆ; ಹೊರಗಿನಿಂದ ಕರೆಸಿದ ಹಾಸ್ಯ ಕಲಾವಿದೆಯ ಹೆಸರು ಕರಪತ್ರದಲ್ಲಿ ಸೀನರಿಯವರ ಹೆಸರಿನ ಕೆಳಗೆ, ಕೆಲವೊಮ್ಮೆ ಧ್ವನಿವರ್ಧಕದವರ ಹೆಸರಿಗೂ ಕೆಳಗೆ ಅಚ್ಚಾಗಿರುತ್ತದೆ. ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ನಿವೃತ್ತಳಾದ ನನಗೆ ಈ ಎಣಿಕೆ ತಲೆಕೆಳಗಾದದ್ದೆಂದು ತೋರುತ್ತದೆ. ಅದೇಕೆಂದು ವಿವರಿಸಲು, ನಮ್ಮ ನೆಲದಿಂದ ಬಹಳ ದೂರದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಹಾಸ್ಯದ ಹಾಡುಗಾರಿಕೆಯಿಂದಲೇ ಬದುಕಿದ ಜೆಸ್ಸಿ ಬಾಂಡ್ ಎಂಬ ಗಾಯಕಿಯ ಜೀವನವನ್ನು ಇಲ್ಲಿ ನೆನೆಯಲು ಅನುಮತಿ ಕೋರುತ್ತೇನೆ. ಪರದೇಶದ ಉದಾಹರಣೆ ಏಕೆಂದು ಯಾರಾದರೂ ಕೇಳಿದರೆ, ಆಕೆ ತನ್ನ ಕಥೆಯನ್ನು ತಾನೇ ಬರೆದಿಟ್ಟಿದ್ದಾರೆ ಎಂಬುದೇ ನನ್ನ ಉತ್ತರ. ನಮ್ಮ ಹಾಸ್ಯ ಕಲಾವಿದೆಯರಲ್ಲಿ ಎಷ್ಟು ಜನರಿಗೆ ಆ ಅವಕಾಶ ಸಿಕ್ಕಿತು?

ಜೆಸ್ಸಿ ಬಾಂಡ್ 1853ರ ಜನವರಿ 10ರಂದು ಲಂಡನ್ನಿನಲ್ಲಿ ಹುಟ್ಟಿ, ಲಿವರ್‌ಪೂಲಿನಲ್ಲಿ ಬೆಳೆದರು. ತಂದೆ ಪಿಯಾನೊ ತಯಾರಿಸುವ ಕಸುಬಿನವರಾದ್ದರಿಂದ ಮನೆಯಲ್ಲಿ ಅನ್ನದಷ್ಟೇ ಸಹಜವಾಗಿ ಸಂಗೀತವಿತ್ತು, ಮಗಳು ಎಳೆಯ ವಯಸ್ಸಿನಲ್ಲೇ ಪಿಯಾನೊ ನುಡಿಸುವುದನ್ನು ಕಲಿತರು. ಹದಿಹರೆಯ ಮುಗಿಯುವ ಮುನ್ನವೇ ತನಗಿಂತ ಹಿರಿಯನಾದ ಸಂಗೀತದ ಮೇಷ್ಟರೊಬ್ಬನನ್ನು ಮದುವೆಯಾಗಿ, ಅವನ ಕ್ರೌರ್ಯಕ್ಕೆ ಸಿಕ್ಕಿ ನಲುಗಿದರು. ಹುಟ್ಟಿದ ಮಗು ಉಳಿಯಲಿಲ್ಲ, ಮದುವೆಯೂ ಉಳಿಯಲಿಲ್ಲ. ಈ ಕಷ್ಟವನ್ನು ಎಳೆದು ಎಳೆದು ಹೇಳಿ, ಅತ್ತವಳೇ ನಗಿಸಬಲ್ಲಳು ಎಂಬ ಸಿದ್ಧಸೂತ್ರಕ್ಕೆ ಆಕೆಯನ್ನು ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ. ಆಕೆಯನ್ನು ಮೇಲೆತ್ತಿದ್ದು ದುಃಖವಲ್ಲ, ವಿದ್ಯೆ. ಗಂಡನ ಮನೆ ಬಿಟ್ಟ ಮೇಲೆ ಕಛೇರಿಗಳಲ್ಲಿ ಹಾಡುತ್ತ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಅವರ ಬಳಿ ಶಿಷ್ಯವೃತ್ತಿ ಮಾಡಿದರು. ಈ ಗಾರ್ಸಿಯಾ ಸಾಮಾನ್ಯ ಗುರುವಲ್ಲ. ಹಾಡುವಾಗ ಗಂಟಲಿನೊಳಗೆ ಏನಾಗುತ್ತದೆಂದು ತಿಳಿಯುವ ಹಟಕ್ಕೆ ಬಿದ್ದು, 1854ರಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ಬಾಯೊಳಗೆ ಹಿಡಿದು, ಸೂರ್ಯನ ಬೆಳಕನ್ನು ಅದರತ್ತ ತಿರುಗಿಸಿ, ತಮ್ಮದೇ ಧ್ವನಿತಂತುಗಳ ಚಲನೆಯನ್ನು ಕಂಡವರು. ಇಂದಿನ ಕಿವಿ, ಮೂಗು, ಗಂಟಲಿನ ವೈದ್ಯರೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಅಂಥವರ ಕೈಯಲ್ಲಿ ಪಳಗಿದ ಕಂಠವೇ ಮುಂದೆ ಹಾಸ್ಯದ ಪಾತ್ರಗಳಿಗೆ ಸಂದಿತು ಎಂಬುದನ್ನು ಲೇಖಕರು ಗಮನಿಸಬೇಕೆಂದು ಕೋರುತ್ತೇನೆ.

ಆಗ ಲಂಡನ್ನಿನಲ್ಲಿ ಸಾಹಿತ್ಯ ಬರೆಯುವ ಡಬ್ಲ್ಯು. ಎಸ್. ಗಿಲ್ಬರ್ಟ್, ಸಂಗೀತ ಕೂಡಿಸುವ ಆರ್ಥರ್ ಸಲಿವನ್, ಕಂಪನಿ ನಡೆಸುವ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ಮೂವರು ಸೇರಿ ಹೊಸ ಬಗೆಯ ಹಾಸ್ಯ ಗೀತನಾಟಕಗಳನ್ನು ಆಡಿಸತೊಡಗಿದ್ದರು. ನಮ್ಮ ಕಂಪನಿ ನಾಟಕಗಳಂತೆ ಮಾತು, ಹಾಡು, ಕುಣಿತ ಮೂರೂ ಕೂಡಿದ ಆಟಗಳು ಅವು. ಆದರೆ ಮುಖ್ಯ ಪಾತ್ರಧಾರಿಗಳಿಂದ ಗುಂಪಿನಲ್ಲಿ ನಿಂತವರವರೆಗೆ ಎಲ್ಲರೂ ನಗಿಸುವವರೇ, ಎಲ್ಲರೂ ಹಾಡುವವರೇ. ನಾಯಕ ನಾಯಕಿಯರು ಒಂದು ಕಡೆ, ಹಾಸ್ಯಗಾರರು ಇನ್ನೊಂದು ಕಡೆ ಎಂಬ ಗೋಡೆ ಅಲ್ಲಿರಲಿಲ್ಲ. 1878ರ ಮೇ 25ರಂದು ಮೊದಲ ಪ್ರದರ್ಶನ ಕಂಡ 'ಎಚ್.ಎಂ.ಎಸ್. ಪಿನಾಫೋರ್' ನಾಟಕದ ಒಂದು ಪಾತ್ರಕ್ಕೆ ಗೊತ್ತಾಗಿದ್ದ ಹಿರಿಯ ನಟಿ ಬಿಟ್ಟುಹೋದಾಗ, ಅದುವರೆಗೆ ನಾಟಕದ ರಂಗವನ್ನೇ ಹತ್ತದಿದ್ದ ಜೆಸ್ಸಿ ಬಾಂಡ್ ಅವರನ್ನು ಕಾರ್ಟ್ ಕರೆತಂದರು. ಹಾಡಬಲ್ಲೆ, ಆದರೆ ಸಂಭಾಷಣೆ ಹೇಳಿ ಅಭ್ಯಾಸವಿಲ್ಲವೆಂದು ಆಕೆ ಹಿಂಜರಿದದ್ದರಿಂದ ಆ ಪಾತ್ರದ ಮಾತುಗಳನ್ನೆಲ್ಲ ಕತ್ತರಿಸಲಾಯಿತು. ಹಾಡಿನ ಪಾಲು ಮಾತ್ರ ಉಳಿಯಿತು. ಅಂದರೆ ಮುಂದೆ ಲಂಡನ್ನಿನ ಅಚ್ಚುಮೆಚ್ಚಿನ ಹಾಸ್ಯನಟಿ ಎನಿಸಿಕೊಂಡಾಕೆ ರಂಗಕ್ಕೆ ಬಂದದ್ದು ಕಂಠದ ಬಾಗಿಲಿನಿಂದ, ಮಾತಿನ ಚಟಾಕಿಯಿಂದಲ್ಲ.

ಪಿನಾಫೋರ್ ಅಮೆರಿಕದಲ್ಲಿ ಅನುಮತಿ ಇಲ್ಲದೆಯೇ ಊರೂರಲ್ಲಿ ಪ್ರದರ್ಶನಗೊಳ್ಳುತ್ತಿದ್ದುದನ್ನು ಕಂಡು, ಮುಂದಿನ ನಾಟಕದ ಹಕ್ಕನ್ನಾದರೂ ಉಳಿಸಿಕೊಳ್ಳಲು ಕಂಪನಿ ತಾನೇ ನ್ಯೂಯಾರ್ಕಿಗೆ ಹೋಗಿ 1879ರ ಡಿಸೆಂಬರ್ 31ರಂದು 'ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್' ಆಡಿತು. ಆ ತಂಡದಲ್ಲಿ ಜೆಸ್ಸಿಯೂ ಇದ್ದರು. 1881ರಲ್ಲಿ ಕಾರ್ಟ್ ಕಟ್ಟಿಸಿದ ಸವಾಯ್ ಥಿಯೇಟರ್ ಇಡಿಯಾಗಿ ವಿದ್ಯುದ್ದೀಪಗಳಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡವೆಂದು ಹೆಸರಾಯಿತು. ದೀಪ ಒಡೆದರೂ ಬೆಂಕಿ ಹತ್ತುವುದಿಲ್ಲವೆಂದು ಜನರನ್ನು ನಂಬಿಸಲು ಕಾರ್ಟ್ ಸ್ವತಃ ರಂಗದ ಮೇಲೆ ನಿಂತು, ಉರಿಯುತ್ತಿದ್ದ ಬಲ್ಬಿಗೆ ತೆಳುವಾದ ಬಟ್ಟೆ ಸುತ್ತಿ ಒಡೆದು ತೋರಿಸಬೇಕಾಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬೆಳಗಿದ್ದು 1905ರಲ್ಲಿ. ಸವಾಯ್ ತೆರೆದ ಮರುವರ್ಷ, 1882ರಲ್ಲಿ, 'ಅಯೋಲಾಂಥೆ' ಎಂಬ ನಾಟಕದ ಹೆಸರಿನ ಪಾತ್ರವೇ ಜೆಸ್ಸಿಯವರ ಪಾಲಿಗೆ ಬಂತು. ಸದಾ ಹದಿನೇಳರ ಹುಡುಗಿಯಂತೆ ಕಾಣುವ ಯಕ್ಷಿಣಿಯೊಬ್ಬಳು ಇಪ್ಪತ್ತು ದಾಟಿದ ಮಗನ ತಾಯಿ ಎಂಬುದು ಅಲ್ಲಿಯ ನಗೆಯ ಮೂಲ. ಆದರೆ ಕೊನೆಯ ಭಾಗದಲ್ಲಿ ಅದೇ ಯಕ್ಷಿಣಿ, ತನ್ನನ್ನು ಸತ್ತಳೆಂದು ತಿಳಿದಿರುವ ಗಂಡನ ಮುಂದೆ ಮಗನಿಗಾಗಿ ಮೊರೆಯಿಡುವ ಹಾಡಿದೆ. ಅಲ್ಲಿ ಒಂದು ನಗೆಯೂ ಇಲ್ಲ. ಅದುವರೆಗೆ ನಕ್ಕ ಸಭೆಯನ್ನು ಒಂದೇ ಪಲ್ಲವಿಯಲ್ಲಿ ಸುಮ್ಮನಾಗಿಸುವ ಕೆಲಸವನ್ನು ಶ್ರುತಿಯಲ್ಲಿ ನಿಲ್ಲಲಾರದವರಿಗೆ ಯಾವ ಕಂಪನಿಯ ಯಜಮಾನ ತಾನೇ ಒಪ್ಪಿಸುತ್ತಾನೆ?

1885ರ ಮಾರ್ಚ್ 14ರಂದು ಆರಂಭವಾಗಿ 672 ಪ್ರದರ್ಶನ ಕಂಡ 'ದಿ ಮಿಕಾಡೊ' ನಾಟಕದ ಬಗ್ಗೆ ಎರಡು ಸಂಗತಿಗಳನ್ನು ಹೇಳಬೇಕು. ಅದರಲ್ಲಿ ಜಪಾನಿನ ಶಾಲಾ ಹುಡುಗಿಯರಾಗಿ ಲಿಯೊನೋರಾ ಬ್ರಹಾಂ, ಜೆಸ್ಸಿ ಬಾಂಡ್, ಸಿಬಿಲ್ ಗ್ರೇ ಎಂಬ ಕುಳ್ಳಗಿನ ಮೂವರು ಗಾಯಕಿಯರು ಒಟ್ಟಿಗೆ ಪ್ರವೇಶಿಸುತ್ತಾರೆ. ಮೂವರ ಉಡುಪೂ ಒಂದೇ ತರಹದ್ದಾದರೆ ತನ್ನನ್ನು ಗುರುತಿಸುವವರಾರು ಎಂದು ಯೋಚಿಸಿದ ಜೆಸ್ಸಿ, ಉಡುಪಿನ ಉಸ್ತುವಾರಿಯಾಕೆಯನ್ನು ಒಲಿಸಿಕೊಂಡು ತನ್ನ ನಡುಪಟ್ಟಿಯ ಬೆನ್ನಿನ ಗಂಟನ್ನು ಉಳಿದವರದಕ್ಕಿಂತ ಬಹಳ ದೊಡ್ಡದಾಗಿ ಮಾಡಿಸಿಕೊಂಡು, ಮೊದಲ ರಾತ್ರಿ ಸಭೆಗೆ ಬೆನ್ನು ತಿರುಗಿಸಿ ಅದನ್ನು ಕುಣಿಸಿದರು. ಇನ್ನೊಂದು, ಮಂಡಿಯೂರಿ ಕುಳಿತ ದೃಶ್ಯದಲ್ಲಿ ಆಕೆ ಪಕ್ಕದಲ್ಲಿದ್ದ ಹಾಸ್ಯನಟ ಜಾರ್ಜ್ ಗ್ರೋಸ್ಮಿತ್ ಅವರನ್ನು ತಳ್ಳುವುದು, ಅವರು ಪೂರ್ತಿ ಉರುಳಿಬೀಳುವುದು ರೂಢಿಯಾಗಿ, ಗಿಲ್ಬರ್ಟ್ ಅದನ್ನು ಬಿಡುವಂತೆ ಹೇಳಿದರಂತೆ. ಅದಕ್ಕೆ ಜನ ಬಹಳ ನಗುತ್ತಾರಲ್ಲ ಎಂದು ಗ್ರೋಸ್ಮಿತ್ ವಾದಿಸಿದಾಗ, ಹಂದಿಮಾಂಸದ ಕಡುಬಿನ ಮೇಲೆ ಕುಳಿತರೂ ಜನ ನಗುತ್ತಾರೆ ಎಂದು ಉತ್ತರ ಬಂತು. ಮಾತು ಒರಟಾದರೂ ಅದರಲ್ಲಿ ಹುರುಳಿದೆ. ಗಿಲ್ಬರ್ಟ್ ಮನೆಯಲ್ಲಿ ರಂಗದ ಪುಟ್ಟ ಮಾದರಿಯ ಮೇಲೆ ಮರದ ತುಂಡುಗಳನ್ನು ಸರಿಸಿ ಸರಿಸಿ ಪ್ರತಿಯೊಬ್ಬರ ನಿಲುವನ್ನು ಗೊತ್ತುಮಾಡಿಕೊಂಡು ತಾಲೀಮಿಗೆ ಬರುತ್ತಿದ್ದವರು. ಬರೆದದ್ದಕ್ಕಿಂತ ಒಂದು ಪದ ಹೆಚ್ಚಿಗೆ ಆಡಿದರೂ ಸಹಿಸುತ್ತಿರಲಿಲ್ಲ. ನಮ್ಮಲ್ಲಿ ಸನ್ನಿವೇಶಕ್ಕೆ ತಕ್ಕಂತೆ ಮಾತು ಹೊಸೆಯುವುದೇ ಹಾಸ್ಯಗಾರನ ಹೆಚ್ಚುಗಾರಿಕೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ನಾಡಿಗೆಲ್ಲ ಹೆಸರಾಗಿಸಿದ ವೀರಣ್ಣನವರೇ ಮೂಲತಃ ಹಾಸ್ಯನಟರು, 'ಸದಾರಮೆ'ಯ ಕಳ್ಳನಾಗಿ ಮನೆಮಾತಾದವರು. ಎರಡು ದಾರಿಗಳಲ್ಲಿ ನನಗೆ ನಮ್ಮದೇ ಹೆಚ್ಚು ಪ್ರಿಯ. ಆದರೆ ಕಟ್ಟುನಿಟ್ಟಿನ ಆ ಪದ್ಧತಿಯಲ್ಲಿ ಹಾಸ್ಯದ ಪ್ರತಿ ಅಕ್ಷರವನ್ನೂ ಸ್ವರಕ್ಕೆ, ತಾಳಕ್ಕೆ ಲೆಕ್ಕ ಹಾಕಿ ಕೂಡಿಸಿದ್ದರಿಂದಲೇ ಅಲ್ಲಿ ಹಾಡುವಾತ ಎಷ್ಟು ಗಟ್ಟಿಗನಿರಬೇಕೆಂಬುದು ಸ್ಪಷ್ಟವಾಗಿ ಕಾಣುತ್ತದೆ. 1887ರ 'ರಡಿಗೋರ್' ನಾಟಕದಲ್ಲಿ ಹುಚ್ಚಿ ಮಾರ್ಗರೆಟ್ಟಳ ಪಾತ್ರ ವಹಿಸಿದ ಜೆಸ್ಸಿ, ಗ್ರೋಸ್ಮಿತ್ ಮತ್ತು ಇನ್ನೊಬ್ಬ ಸಹನಟ ರಟ್ಲಂಡ್ ಬ್ಯಾರಿಂಗ್ಟನ್ ಅವರ ಜೊತೆಗೂಡಿ, ಉಸಿರಿಗೂ ಎಡೆಯಿಲ್ಲದಷ್ಟು ದ್ರುತಗತಿಯ ಹಾಡೊಂದನ್ನು ಹಾಡಬೇಕಿತ್ತು. ದ್ರುತದಲ್ಲಿ ಸಾಹಿತ್ಯ ಸ್ಪಷ್ಟವಾಗಿ ಉಳಿಯಬೇಕಾದರೆ ನಾಲಿಗೆ, ಉಸಿರು, ಶ್ರುತಿ ಮೂರೂ ಹಿಡಿತದಲ್ಲಿರಬೇಕೆಂಬುದು ನಮ್ಮ ಕೃತಿಗಳಲ್ಲಿ ವೇಗ ಹೆಚ್ಚಿಸಿ ಹಾಡುವ ಮಧ್ಯಮಕಾಲದ ಸಾಹಿತ್ಯವನ್ನು ಹಾಡಿ ನೋಡಿದ ಯಾವ ವಿದ್ಯಾರ್ಥಿಗೂ ಗೊತ್ತು.

ಆದರೂ ನನ್ನ ಮಾತಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ 1888ರ ಅಕ್ಟೋಬರ್ 3ರಂದು ಮೊದಲು ಆಡಿದ 'ದಿ ಯೋಮೆನ್ ಆಫ್ ದಿ ಗಾರ್ಡ್'. ಆ ನಾಟಕಗಳಲ್ಲಿ ಪರದೆ ಎದ್ದೊಡನೆ ಮೇಳದ ಗದ್ದಲ ಕೇಳಿಬರುವುದು ವಾಡಿಕೆಯಾಗಿತ್ತು. ಇಲ್ಲಿ ಮಾತ್ರ ಫೀಬಿ ಎಂಬ ಹುಡುಗಿ ಒಬ್ಬಳೇ ರಾಟೆಯ ಮುಂದೆ ಕುಳಿತು ಹಾಡುತ್ತಾಳೆ. ಆ ಪಾತ್ರ ಜೆಸ್ಸಿಯವರದು. ಇದು ಜನಕ್ಕೆ ಹಿಡಿಸೀತೋ ಇಲ್ಲವೋ ಎಂಬ ಆತಂಕದಲ್ಲಿ ಗಿಲ್ಬರ್ಟ್ ಪರದೆ ಏಳುವ ಮುನ್ನ ಮತ್ತೆ ಮತ್ತೆ ಆಕೆಯ ಬಳಿ ಬಂದು ಚಡಪಡಿಸಿದಾಗ, ನೀವು ಇಲ್ಲಿಂದ ಹೋಗದಿದ್ದರೆ ನನ್ನಿಂದ ಒಂದು ಸ್ವರವೂ ಹೊರಡದು ಎಂದು ಆಕೆಯೇ ಅವರನ್ನು ಕಳುಹಿಸಿಬಿಟ್ಟರು. ಮುಂದೆ ಕಥೆಯಲ್ಲಿ ಸೆರೆಯಾಳೊಬ್ಬನನ್ನು ಬಿಡಿಸಬೇಕಾಗುತ್ತದೆ. ಫೀಬಿಯ ಮೇಲೆ ಆಸೆಯಿಟ್ಟಿರುವ ಸೆರೆಮನೆಯ ಕಾವಲುಗಾರನ ಸೊಂಟದಲ್ಲಿ ಬೀಗದ ಕೈಗೊಂಚಲಿದೆ. ಅವಳು ಅವನೊಡನೆ ನಯವಾಗಿ ಮಾತಾಡುತ್ತ ಗೊಂಚಲನ್ನು ಮೆಲ್ಲನೆ ಬಿಡಿಸಿ ಹಿಂದೆ ಅಡಗಿರುವ ತಂದೆಯ ಕೈಗೆ ದಾಟಿಸುತ್ತಾಳೆ; ತಂದೆ ಹೋಗಿ ಬೀಗ ತೆರೆದು ಬರುವವರೆಗೆ ಆ ಕಾವಲುಗಾರ ಕದಲದಂತೆ ನೋಡಿಕೊಳ್ಳಬೇಕು. ಅದಕ್ಕೆ ಅವಳಿಗಿರುವ ಉಪಾಯವೆಂದರೆ ಒಂದು ಹಾಡು: ನಾನು ನಿನ್ನ ಹೆಂಡತಿಯಾಗಿದ್ದರೆ ಹೀಗೆ ಪ್ರೀತಿಸುತ್ತಿದ್ದೆ, ಹಾಗೆ ಓಲೈಸುತ್ತಿದ್ದೆ ಎಂದು ಸಾಗುತ್ತದೆ. ಗೊಂಚಲು ಮರಳಿ ಸೊಂಟಕ್ಕೆ ಸೇರಿದ ಮೇಲೆ, ಆದರೆ ನಾನು ನಿನ್ನ ಹೆಂಡತಿಯಲ್ಲವಲ್ಲ ಎಂದು ಹಾಡು ಮುಗಿದು, ಹುಡುಗಿ ಓಡಿಹೋಗುತ್ತಾಳೆ.

ಈ ಸನ್ನಿವೇಶವನ್ನು ಕೊಂಚ ಬಿಡಿಸಿ ನೋಡಬೇಕು. ಸಭೆಗೆ ಎಲ್ಲ ಗೊತ್ತಿದೆ, ಕಾವಲುಗಾರನಿಗೆ ಮಾತ್ರ ಏನೂ ಗೊತ್ತಿಲ್ಲ. ನಗು ಹುಟ್ಟುವುದು ಈ ಅಂತರದಿಂದ. ಆ ಹಾಡು ನಿಜವಾಗಿಯೂ ಇಂಪಾಗಿ, ನಿಜವಾದ ಒಲವಿನ ಹಾಡಿನಂತೆಯೇ ಹರಿದಾಗ ಮಾತ್ರ ಅವನು ಮೈಮರೆತದ್ದನ್ನು ನಾವು ನಂಬುತ್ತೇವೆ. ಹಾಡುವಾಕೆ ಬೇಕೆಂದೇ ಸ್ವರ ಸೊಟ್ಟಗೆ ಮಾಡಿದರೆ, ಅಥವಾ ಕಂಠ ಸಾಲದೆ ಎಳೆದಾಡಿದರೆ, ಅವನು ಮರುಳಾಗಲು ಕಾರಣವೇ ಉಳಿಯುವುದಿಲ್ಲ. ಕಥೆಯೂ ನಿಲ್ಲದು, ನಗುವೂ ಬಾರದು. ಇನ್ನೂ ಒಂದು ತೊಡಕಿದೆ. ನಾಯಕಿಯಾದವಳು ಒಲವಿನ ಹಾಡಿನಲ್ಲಿ ಪೂರ್ತಿ ಮುಳುಗಬಹುದು. ಹಾಸ್ಯನಟಿಗೆ ಆ ಅನುಕೂಲವಿಲ್ಲ. ಆಕೆ ಕಂಠದಲ್ಲಿ ಒಲವನ್ನು, ಕಣ್ಣಿನಲ್ಲಿ ಕಳ್ಳತನದ ಗಾಬರಿಯನ್ನು ಏಕಕಾಲದಲ್ಲಿ ತೋರುತ್ತ, ಒಂದು ಇನ್ನೊಂದನ್ನು ಕೆಡಿಸದಂತೆ ನೋಡಿಕೊಳ್ಳಬೇಕು. ಗಿಲ್ಬರ್ಟ್ ಈ ಪಾತ್ರವನ್ನು ಕೊಡುವಾಗ, ನೀನು ಇದರಲ್ಲಿ ಅಭಿನಯಿಸಬೇಕಾಗಿಲ್ಲ, ನೀನಾಗಿದ್ದರೆ ಸಾಕು ಎಂಬರ್ಥದ ಮಾತು ಹೇಳಿದ್ದರಂತೆ. ಅದು ಮೆಚ್ಚುಗೆಯ ಮಾತೇ ಇರಬಹುದು, ಆದರೆ ಹಾಸ್ಯನಟಿಯರ ಶ್ರಮವನ್ನು ಅವರ ಸ್ವಭಾವದ ಖಾತೆಗೆ ಬರೆದುಬಿಡುವ ಚಾಳಿ ಅಲ್ಲಿಯೂ ಇತ್ತು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ನಮ್ಮಲ್ಲಿ, ಅವಳು ಮನೆಯಲ್ಲೂ ಹಾಗೇನೆ ಬಿಡಿ ಎನ್ನುತ್ತಾರಲ್ಲ, ಅದೂ ಇದೇ ಜಾತಿಯ ಮಾತು.

ಈ ಶ್ರಮಕ್ಕೆ ಬೆಲೆ ಕಟ್ಟುವ ಪ್ರಸಂಗವೂ ಬಂತು. 1889ರ 'ದಿ ಗೊಂಡೋಲಿಯರ್ಸ್' ಸಿದ್ಧವಾಗುತ್ತಿದ್ದಾಗ, ನಟನಟಿಯರು ಮಿತಿಮೀರುತ್ತಿದ್ದಾರೆ, ಆದ್ದರಿಂದ ಯಾರೂ ಯಾರಿಗಿಂತಲೂ ದೊಡ್ಡವರಲ್ಲದಂತೆ ಪಾತ್ರಗಳನ್ನು ಹಂಚುತ್ತೇನೆ ಎಂದು ಗಿಲ್ಬರ್ಟ್ ನಿರ್ಧರಿಸಿದ್ದರು. ಜೆಸ್ಸಿ ಮಾತ್ರ ವಾರದ ಸಂಬಳವನ್ನು 20 ಪೌಂಡಿನಿಂದ 30 ಪೌಂಡಿಗೆ ಏರಿಸದಿದ್ದರೆ ಬಣ್ಣ ಹಚ್ಚುವುದಿಲ್ಲವೆಂದು ಕುಳಿತರು. ಕಾರ್ಟ್ ಒಪ್ಪಿಕೊಂಡರು, ಗಿಲ್ಬರ್ಟ್ ಮುನಿಸಿಕೊಂಡರು. ತಾಲೀಮಿನಲ್ಲಿ ಆಕೆ ಬಂದಾಗ, ಹೆಚ್ಚು ಸಂಬಳದ ಕಲಾವಿದೆಗೆ ದಾರಿ ಬಿಡಿ ಎಂದು ಕೊಂಕಾಡುವುದನ್ನು ಬಿಟ್ಟರೆ ಮಾತೇ ಆಡಲಿಲ್ಲವಂತೆ. ಮರುವರ್ಷ ಅದೇ ಗಿಲ್ಬರ್ಟರು ಥಿಯೇಟರಿನ ಹೊಸ ಜಮಖಾನದ ಖರ್ಚನ್ನು ಲೆಕ್ಕಕ್ಕೆ ಸೇರಿಸಿದರೆಂದು ಕಾರ್ಟ್ ಮೇಲೆ ಜಗಳ ತೆಗೆದು ನ್ಯಾಯಾಲಯದವರೆಗೆ ಹೋದರು. ತಮ್ಮ ಪಾಲಿನ ಹಣವೆಂದಾಗ ಎಲ್ಲರ ಲೆಕ್ಕವೂ ಚುರುಕೇ. ಹಾಗೆಂದು ಗಿಲ್ಬರ್ಟರನ್ನು ಹಳಿಯಲು ನಾನು ಹೊರಟಿಲ್ಲ. ಗಂಡಸರು ಹೆಣ್ಣುವೇಷ ಹಾಕಿ, ಹೆಂಗಸರು ಗಂಡುವೇಷ ಹಾಕಿ ನಗಿಸುವುದು ಲಂಡನ್ನಿನ ಅಂದಿನ ಪ್ರಹಸನಗಳ ಚಾಳಿಯಾಗಿದ್ದಾಗ ತಮ್ಮ ನಾಟಕಗಳಲ್ಲಿ ಎರಡೂ ಕೂಡದೆಂದು ವಿಧಿಸಿ, ಕಲಾವಿದೆಯರಿಗೆ ಮರ್ಯಾದೆಯ ಉಡುಪು, ಮರ್ಯಾದೆಯ ವಾತಾವರಣ ಒದಗಿಸಿದವರು ಅವರು. ಒಮ್ಮೆ ರಂಗದ ಪಕ್ಕದ ಬಾಕ್ಸಿನಲ್ಲಿ ಕುಳಿತಿದ್ದ ಯುವಕರು ಊಟಕ್ಕೆ ಬಾ ಎಂದು ಜೆಸ್ಸಿಗೆ ಚೀಟಿ ಕಳಿಸಿದ್ದು ತಿಳಿದು, ಅವರ ಬಳಿಗೇ ಹೋಗಿ, ನೀವಾಗಿಯೇ ಹೊರಡುತ್ತೀರೋ, ನಾನು ರಂಗಕ್ಕೆ ಹೋಗಿ ನಡೆದದ್ದನ್ನು ಸಭೆಗೆ ಹೇಳಲೋ, ಆಳುಗಳಿಂದ ಹೊರಹಾಕಿಸಲೋ ಎಂದು ಕೇಳಿದರಂತೆ. ರಾತ್ರಿಯಿಡೀ ಶಿಳ್ಳೆ, ಅಸಭ್ಯ ಕೂಗುಗಳ ನಡುವೆ ನಮ್ಮ ಕಡೆಯ ಕಲಾವಿದೆಯರು ಹಾಡುವುದನ್ನು ಕಂಡವರಿಗೆ, ಒಬ್ಬ ಸಂಘಟಕನಾದರೂ ಹೀಗೆ ಎದ್ದು ನಿಲ್ಲಬಾರದೇ ಅನಿಸದೆ ಇರದು.

1891ರ ಮಾರ್ಚ್ 6ರಂದು ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಗೊಂಡೋಲಿಯರ್ಸ್ ಆಡಿದಾಗ, ರಾಣಿ ತನ್ನ ದಿನಚರಿಯಲ್ಲಿ ಜೆಸ್ಸಿ ಬಾಂಡ್ ಜಾಣ ನಟಿ, ಚೆನ್ನಾಗಿ ಹಾಡುತ್ತಾಳೆ ಎಂದು ಎರಡನ್ನೂ ಸೇರಿಸಿ ಬರೆದುಕೊಂಡಿದ್ದಾಳೆ. ಸವಾಯ್ ಬಿಟ್ಟ ಮೇಲೆ ಬೇರೆ ಥಿಯೇಟರುಗಳಲ್ಲಿ ಹಾಡಿ, ಹಳೆಯ ಪಾತ್ರಗಳಿಗಾಗಿ ಮತ್ತೆ ಬಂದು, 1897ರಲ್ಲಿ ಆಕೆ ರಂಗದಿಂದ ನಿವೃತ್ತರಾಗಿ ಲೂಯಿಸ್ ರ‍್ಯಾನ್ಸಮ್ ಎಂಬ ಎಂಜಿನಿಯರರನ್ನು ಮದುವೆಯಾದರು. ದಡ್ಡ ಹುಡುಗಿ ಎಂದು ಗಿಲ್ಬರ್ಟ್ ಗದರಿದಾಗ, ನಿಮಗೆ ಮುದುಕಿಯರು ಹಿಡಿಸುವುದಿಲ್ಲ, ನಾನೂ ಮುದುಕಿಯಾಗುತ್ತೇನೆ, ಆಗ ನನ್ನನ್ನು ನೀವು ಸಾಕುತ್ತೀರಾ ಎಂದು ಕೇಳಿ ಬಾಯಿ ಮುಚ್ಚಿಸಿದರಂತೆ. 1930ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿ, 1942ರ ಜೂನ್ 17ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾನು ಮೇಲೆ ಹೇಳಿದ ಪ್ರಸಂಗಗಳಲ್ಲಿ ಹಲವು ಇಂದಿಗೂ ಉಳಿದಿರುವುದು ಆಕೆ ಬರೆದಿಟ್ಟದ್ದರಿಂದ.

ಈ ಲೇಖನಮಾಲೆ ಮುಂದುವರಿಯುವುದಾದರೆ, ಹಾಸನಾಂಬ ಕಲಾಕ್ಷೇತ್ರದಲ್ಲಿಯೋ ಊರ ಹಬ್ಬದ ಚಪ್ಪರದಲ್ಲಿಯೋ ಹಾಸ್ಯದ ಪಾತ್ರ ವಹಿಸುತ್ತ ಬಂದಿರುವ ಕಲಾವಿದೆಯರನ್ನೇ ನೇರವಾಗಿ ಕಂಡು ಮಾತನಾಡಿಸಬೇಕೆಂದು ವಿನಂತಿಸುತ್ತೇನೆ. ಎಷ್ಟು ಜನರನ್ನು ನಗಿಸಿದಿರಿ ಎಂದು ಕೇಳುವ ಬದಲು, ಯಾವ ಹಾರ್ಮೋನಿಯಂ ಮೇಷ್ಟರ ಬಳಿ ಕಲಿತಿರಿ, ಯಾವ ಶ್ರುತಿಯಲ್ಲಿ ಹಾಡುತ್ತೀರಿ, ನಡುರಾತ್ರಿ ದಾಟಿದ ಮೇಲೆ ಕಂಠವನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ, ಎಷ್ಟು ನಾಟಕಗಳ ಹಾಡು ಬಾಯಿಗೆ ಬರುತ್ತದೆ, ನಾಯಕಿಯ ಪಾತ್ರದವರಿಗಿಂತ ನಿಮಗೆ ಕೊಡುವ ಹಣ ಎಷ್ಟು ಕಡಿಮೆ ಎಂದು ಕೇಳಲಿ. ಸಾಧ್ಯವಾದರೆ ಅಲ್ಲಿಯೇ ಒಂದು ಹಾಡು ಹಾಡಿಸಿ ಮುದ್ರಿಸಿಕೊಳ್ಳಲಿ, ಮಟ್ಟಿನ ವಿವರವನ್ನೂ ಅವರ ಪೂರ್ಣ ಹೆಸರನ್ನೂ ಪತ್ರಿಕೆಯಲ್ಲಿ ಪ್ರಕಟಿಸಲಿ. ಆ ಉತ್ತರಗಳು ಕೈಗೆ ಬಂದ ಮೇಲೆಯೂ ಶ್ರುತಿ ನಿಲ್ಲದವರು ಹಾಸ್ಯಕ್ಕೆ ಇಳಿದರೆಂದೇ ಲೇಖಕರಿಗೆ ಅನಿಸಿದರೆ, ಆಧಾರಸಹಿತವಾಗಿ ಹಾಗೆಯೇ ಬರೆಯಲಿ. ಓದಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಗೀತ ಶಿಕ್ಷಕಿ,
ಹಾಸನ